ಅಮರೇಶನ ಟಿಂಪನಿ

ಅಮರೇಶ ಹೋಗಿ ಎರಡು ತಿಂಗಳಾಯಿತು. ಅವನು ಏನು ಓದುತ್ತಿದ್ದ ಎಂದು ಕೇಳಿದವರಿಗೆ ಟಿಂಪನಿ ಎನ್ನುತ್ತೇನೆ. ಅದೇನು ಎಂದು ಮತ್ತೆ ಕೇಳುತ್ತಾರೆ. ತಾಮ್ರದ ಕೊಪ್ಪರಿಗೆಯ ಬಾಯಿಗೆ ಚರ್ಮ ಬಿಗಿದಂತಿರುವ ನಾಲ್ಕು ನಗಾರಿಗಳು, ಪಾಶ್ಚಾತ್ಯ ವಾದ್ಯವೃಂದದಲ್ಲಿ ಎಲ್ಲರ ಹಿಂದೆ ಇರುತ್ತವೆ. ಒಂದೊಂದಕ್ಕೂ ಒಂದು ಸ್ವರ. ಉಳಿದವರು ನುಡಿಸುತ್ತಿರುವಾಗಲೇ ಪೆಡಲ್ ಒತ್ತಿ ಆ ಸ್ವರವನ್ನು ಬದಲಾಯಿಸಬೇಕು. ಸರಿ ಬಂತೋ ಇಲ್ಲವೋ ತಿಳಿಯಲು ಚರ್ಮದ ಹತ್ತಿರ ಕಿವಿ ತಂದು, ಬಾಯೊಳಗೇ ಗುನುಗಿ, ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಬೇಕು.

ಅವನ ಮನೆಯವರು ಕೊಟ್ಟೂರು ಕಡೆಯವರು. ತಂದೆ ಕೊಟ್ರಪ್ಪ ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಹಿಡಿದ ಹುಡುಗ ವಿದ್ಯಾರ್ಥಿವೇತನದ ಮೇಲೆ ನಮ್ಮ ಸಂಗೀತ ಕಾಲೇಜಿಗೆ ಬಂದ. ಅಲ್ಲಿ ನಾವಿಬ್ಬರೂ ಒಂದೇ ತರಗತಿ. ಟಿಂಪನಿ ಮನೆಗೆ ಒಯ್ಯುವ ವಸ್ತುವಲ್ಲವಲ್ಲ, ಮಂಚದ ಮೇಲೆ ನಾಲ್ಕು ದಿಂಬು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ.

ಒಂದು ದಿನ ಮನೆ ಓನರ್ ಬೋರಮ್ಮ ಕಿಟಕಿಯಲ್ಲಿ ಇಣುಕಿ, "ಏನಪ್ಪಾ ಅಮರೇಶ, ತಿಗಣೆ ಜಾಸ್ತಿ ಆಗಿದ್ಯಾ?" ಎಂದರು.

"ಇಲ್ಲ ಆಂಟಿ, ಪರೀಕ್ಷೆ ಜಾಸ್ತಿ ಆಗಿದೆ."

ಕೊನೆಯ ವರ್ಷ ಅವನ ಎಡಗಿವಿಯಲ್ಲಿ ಗುಯ್ಯೆಂಬ ಸದ್ದು ಶುರುವಾಯಿತು. ಆಮೇಲೆ ನಡೆಯುವಾಗ ಓಲಾಟ. ಸ್ಕ್ಯಾನ್ ಮಾಡಿದಾಗ ಕಿವಿಯ ನರದ ಮೇಲೆ ಗೆಡ್ಡೆ ಕಾಣಿಸಿತು. ಅದು ದೊಡ್ಡದಾಗಿ ಮಿದುಳನ್ನು ಒತ್ತುತ್ತಿತ್ತು. ಕೂಡಲೇ ಆಪರೇಷನ್ ಆಗಬೇಕು, ಆ ಕಿವಿ ಮಾತ್ರ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ಕಾಲೇಜಿನ ವಾರ್ಷಿಕ ಕಛೇರಿಗೆ ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ಆಪರೇಷನ್ ಬೇಡ ಎಂದ ಅಮರೇಶ.

"ಹುಚ್ಚು ಹಿಡಿದಿದ್ಯೇನೋ? ಜೀವ ಕಣೋ ಅದು," ಎಂದೆ.

"ಆಮೇಲೆ ನಾಲ್ಕು ಡ್ರಮ್ ಮಧ್ಯ ಯಾರು ನಿಲ್ಲಿಸ್ತಾರೆ ಮಗಾ ನನ್ನ? ಒಂದೇ ಸಲ ನುಡಿಸಿಬಿಡ್ತೀನಿ. ಆಮೇಲೆ ಏನ್ ಬೇಕಾದ್ರೂ ಕೊಯ್ಕೊಳ್ಳಲಿ."

ನಾನು ಕೊಟ್ರಪ್ಪನವರ ಹತ್ತಿರ ಹೋದೆ. ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದವರು ಎದ್ದು ನಿಂತರು. "ಡಾಕ್ಟ್ರು ಅಂದದ್ದು ನಮಗೂ ತಿಳದೈತಿ ತಮ್ಮಾ. ಮಗನಿಗೇ ಕೈ ಮುಗದೀನಿ. ಕೇಳವಲ್ಲ. ಇನ್ನ ಕಟ್ಟಿ ಹಾಕಲ್ಯಾ?"

ಕಛೇರಿಯ ದಿನ ಅವನ ತಂದೆ ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಅವನ ಪಕ್ಕದಲ್ಲಿ ಕಂಚಿನ ತಾಳ ಹಿಡಿದು ನಿಂತಿದ್ದೆ. ಮೊದಲ ಭಾಗದ ಸ್ವರಗಳನ್ನು ಅವನು ಸಭಾಂಗಣ ಖಾಲಿಯಿದ್ದಾಗಲೇ ಕೂಡಿಸಿಟ್ಟಿದ್ದ. ಅದನ್ನು ಎಷ್ಟು ಚೆನ್ನಾಗಿ ನುಡಿಸಿದನೆಂದರೆ ಮುಂದಿದ್ದ ಪಿಟೀಲಿನವರು ಹಿಂತಿರುಗಿ ನೋಡಿದರು. ಕೊನೆಯ ಭಾಗಕ್ಕೆ ಸ್ವರ ಬದಲಾಗಬೇಕಿತ್ತು. ಎಡಗಿವಿ ಅಷ್ಟು ಹೊತ್ತಿಗಾಗಲೇ ಕೇಳಿಸುತ್ತಿರಲಿಲ್ಲ. ಅವನು ಬಾಗಿ ಬಲಗಿವಿಯನ್ನು ಚರ್ಮಕ್ಕೆ ತಂದ. ಗುನುಗಿದ, ತಟ್ಟಿದ, ಪೆಡಲ್ ಒತ್ತಿದ. ಸುತ್ತ ಅಷ್ಟೊಂದು ವಾದ್ಯಗಳು ನುಡಿಯುತ್ತಿರುವಾಗ ಒಂದೇ ಕಿವಿಯಲ್ಲಿ ಆ ಸಣ್ಣ ಸದ್ದನ್ನು ಬೇರ್ಪಡಿಸಿ ಕೇಳುವುದು ಅವನಿಂದಾಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ. ನಾನು ಅವನ ಬಲಗಿವಿಗೆ ಬಾಗಿ ಆ ಸ್ವರ ಗುನುಗಿದೆ. ಇಲ್ಲ ಎಂಬಂತೆ ತಲೆಯಾಡಿಸಿದ. ಅಷ್ಟರಲ್ಲಿ ಎದುರು ನಿಂತು ವಾದ್ಯವೃಂದ ನಡೆಸುತ್ತಿದ್ದ ನಿರ್ದೇಶಕರ ಕೈ ನಮ್ಮ ಕಡೆ ತಿರುಗಿತು.

ಅವನು ಬಾರಿಸಲಿಲ್ಲ. ಕೋಲುಗಳನ್ನು ಚರ್ಮದ ಮೇಲಿಟ್ಟು ಸುಮ್ಮನೆ ನಿಂತ. ನಾನೊಬ್ಬನೇ ತಾಳ ಹೊಡೆದೆ.

ಕಛೇರಿ ಮುಗಿದ ಮೇಲೆ ಪರದೆಯ ಹಿಂದೆ ನೆಲದ ಮೇಲೆ ಕೂತು, "ಯಾವ ಸ್ವರ ಅಂತಾನೇ ಗೊತ್ತಾಗ್ಲಿಲ್ಲ ಮಗಾ," ಎಂದ. ಮರುವಾರ ಆಪರೇಷನ್ ಆಯಿತು. ಮತ್ತೆ ಎಚ್ಚರವಾಗಲಿಲ್ಲ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ತಾಯಿ ಹೊನ್ನವ್ವ ಚಹಾ ಕೊಟ್ಟು ಎದುರಿಗೆ ಕೂತರು.

"ಮೊದಲ ಎಷ್ಟ್ ಚಂದ ಬಾರಿಸಿದ. ಕಡೀಗೆ ಯಾಕ ಸುಮ್ಮನ ನಿಂತ ತಮ್ಮಾ?"

ಸ್ವರ ಕೂಡಲಿಲ್ಲ, ಬಾರಿಸಿದ್ದರೆ ತಪ್ಪಾಗುತ್ತಿತ್ತು ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ತಪ್ಪಾದ್ರ ಏನಾತು?" ಎಂದರು. "ಬಾರಿಸಬೇಕಿತ್ತು. ನಮಗೇನ್ ತಿಳೀತಿತ್ತು ಅದು ತಪ್ಪಂತ."