ಮೂರು ನಿಂಬೆಹಣ್ಣು ಸಾಲಲಿಲ್ಲ

ಕೇಳ್ರಿ, ಇವತ್ತು ಬೆಳಿಗ್ಗೆ ನಮ್ಮ ಡೊಂಬಿವಲಿ ಚಾಳಿನಲ್ಲಿ ನಡೆದದ್ದು. ನನ್ನ ಮಗ ಸುರೇಶ ಗುಜರಿ ಸಾಮಾನು ತಂದು ಬಾಗಿಲ ಮುಂದೆ ಕಟ್ಟಿದ ಮೋಟರ್‌ಸೈಕಲ್ಲಿಗೆ ಪೂಜೆ ಇತ್ತು.

"ಎಷ್ಟು ಗಾಡಿ ಮುರದು ಕಟ್ಟೀದಿ? ಅಷ್ಟು ನಿಂಬಿಹಣ್ಣು ಇಡಬೇಕು," ಎಂದೆ.

"ಮೂರು, ಅವ್ವಾ."

ಗಾಲಿಯ ಕೆಳಗೆ ಮೂರು ಇಟ್ಟೆ. ಸುರೇಶ ಬೆವರು ಸುರಿಯುವಷ್ಟು ಕಿಕ್ ಹೊಡೆದರೂ ಗಾಡಿ ಶುರುವಾಗಲಿಲ್ಲ.

"ಖರೇ ಹೇಳೋ, ಕೋಣ!"

ತಲೆ ತಗ್ಗಿಸಿದ. "ಸೈಲೆನ್ಸರ್ ಬಾಜೂಮನಿ ಗಣೇಶಂದು. ಗುಜರಿ ಅಂಗಡ್ಯಾಗ ಸಿಕ್ತು."

ಗಣೇಶ ಹೋದ ವರ್ಷ ತೀರಿಕೊಂಡವನು. ನಾಲ್ಕನೆಯದನ್ನೂ ಇಟ್ಟೆ. ಒಂದೇ ಕಿಕ್ಕಿಗೆ ಶುರುವಾಯಿತು, ಥೇಟ್ ಅವನ ಗಾಡಿಯದೇ ಸದ್ದು.

ಪಕ್ಕದ ಮನೆಯೊಳಗಿಂದ ಅವನ ತಾಯಿ ಮರಾಠಿಯಲ್ಲಿ ಕೂಗಿದಳು: "ಗಣ್ಯಾ, ಆಲಾಸ್ ಕಾ? ಚಹಾ ಠೇವ್‌ಲಾಯ್."

ಬಂದೆಯಾ, ಚಹಾ ಇಟ್ಟೀನಿ ಎಂದು ಸತ್ತ ಮಗನನ್ನು ಕರೆಯುತ್ತಿದ್ದಳು. ಸುರೇಶ ಗಾಡಿ ಬಂದ್ ಮಾಡಿ, ಸೈಲೆನ್ಸರ್ ಬಿಚ್ಚಲು ಪಾನಾ ಹುಡುಕತೊಡಗಿದ.

"ಅದು ಆಮ್ಯಾಲೆ. ಮೊದಲು ಹೋಗಿ ಚಹಾ ಕುಡಿ," ಎಂದು ಕಳಿಸಿದೆ.

ಒಂದು ತಾಸಾಯಿತು, ಇನ್ನೂ ಬಂದಿಲ್ಲ. ಆಕೆ "ಗಣ್ಯಾ" ಎಂದಾಗಲೆಲ್ಲ ನನ್ನ ಮಗ "ಓ" ಎನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ನಾನು ಕರೆದರೆ ನಲವತ್ತು ವರ್ಷಗಳಲ್ಲಿ ಒಂದು ಸಲವೂ ಓ ಎಂದವನಲ್ಲ.