ತಟ್ಟಿ ನೋಡುವ ಅಣ್ಣ

ಬೆಸುಗೆ ಹಾಕಿದ ಪೈಪನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿದ ಮೇಲೇ ನಂಬುವ ಆ ವೆಲ್ಡರನಿಗೆ ಕಾರ್ಖಾನೆಯಲ್ಲಿ ‘ತಟ್ಟಣ್ಣ’ ಎಂದೇ ಹೆಸರು. ಮುಪ್ಪಿನ ಕಾಲಕ್ಕೆ ಅವನಿಗಿದ್ದದ್ದು ಪಿ.ಎಫ್. ಹಣವೊಂದೇ.

“ಅಣ್ಣಾ, ನನ್ನ ಹೆಂಡ್ತಿಗೆ ಈ ವಾರವೇ ಆಪರೇಷನ್ ಆಗ್ಬೇಕಂತೆ. ಪಿ.ಎಫ್. ತೆಗೆದುಕೊಡು, ಬೋನಸ್ ಬಂದ ತಕ್ಷಣ ತೀರಿಸ್ತೀನಿ,” ಎಂದ ತಮ್ಮ.

ಹಿಂದೊಮ್ಮೆ ಜ್ವರದ ಹೆಸರಲ್ಲಿ ಇವನು ಪಡೆದ ಸಾಲ ಬೈಕಾಗಿ ಬಾಗಿಲಿಗೆ ಬಂದಿತ್ತು. ತಟ್ಟಣ್ಣ ಹೇಳದೆ ಕೇಳದೆ ಆಸ್ಪತ್ರೆಗೆ ಹೋದ. ತಮ್ಮನ ಹೆಂಡತಿ ನಿಜವಾಗಿಯೂ ಹಾಸಿಗೆ ಹಿಡಿದಿದ್ದಳು. ಮುಖ ಬಿಳಿಚಿದ್ದರೂ ನಕ್ಕಳು:

“ಬನ್ನಿ ಬಾವ, ಸುತ್ತಿಗೆ ತಂದಿದ್ದೀರಾ? ನನ್ನನ್ನೂ ತಟ್ಟಿ ನೋಡಿ!”

ತಟ್ಟಣ್ಣ ತಲೆ ತಗ್ಗಿಸಿದ. ಹಣ ತೆಗೆದ, ಆದರೆ ನೇರ ಆಸ್ಪತ್ರೆಗೇ ಕಟ್ಟಿದ.

“ಇನ್ನೂ ನಂಬಿಕೆ ಇಲ್ವಾ?” ತಮ್ಮ ಮುಖ ಊದಿಸಿದ.

“ಅವಳ ಮೇಲಿದೆ ಕಣೋ. ನಿನ್ನ ಬೆಸುಗೆ ಇನ್ನೂ ಬಿಸಿ, ಈಗಲೇ ಭಾರ ಹಾಕೋಕಾಗಲ್ಲ.”