ಹಂದಿಬಂಡೆಯ ತಿರುವಿನ ಗುಂಡಿ

ನಮ್ಮ ಕಡಲೂರು ಪೋರ್ಸ್-ಮೇನ್‌ನಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರು ಇಗರ್ಜಿಗೆ ಹೋಗುತ್ತಿದ್ದರು, ಗಂಡಸರು ಸೈಕಲ್ ಹತ್ತುತ್ತಿದ್ದರು. ದಾರಿ ಯಾವಾಗಲೂ ಒಂದೇ. ಬಂದರಿನಿಂದ ಹೊರಟು, ಕಡಲಂಚಿನ ಕಿರುರಸ್ತೆ ಹಿಡಿದು ದೀಪಸ್ತಂಭದವರೆಗೆ, ಅಲ್ಲಿಂದ ವಾಪಸ್ಸು. ಒಂದು ಪಕ್ಕ ಹೂಕೋಸಿನ ಹೊಲ, ಇನ್ನೊಂದು ಪಕ್ಕ ಮನೆಯಷ್ಟು ದೊಡ್ಡ ಬಂಡೆಗಳು, ಅವುಗಳಾಚೆ ನೀರು. ಒಳನಾಡಿನಲ್ಲಿ ಹೆದ್ದಾರಿ ಆದ ಮೇಲೆ ಆ ರಸ್ತೆಗೆ ಕಡಲಪಾಚಿ ಹೊರುವ ಟ್ರ್ಯಾಕ್ಟರ್ ಬಿಟ್ಟರೆ ಬೇರೆ ವಾಹನ ಬರುವುದೇ ಅಪರೂಪ. ಬಂದರೆ ಅದು ದಾರಿ ತಪ್ಪಿದವರದ್ದು.

ಸವಾರರು ಆರು ಜನ, ನಮ್ಮ ದೇಶದ ನಿಯಮದಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ. ಕಡಲಗಾಳಿಗೆ ಎದೆ ಕೊಡುವವನು ಮೊದಲಿನವನೊಬ್ಬನೇ. ಉಳಿದವರು ಅವನ ಬೆನ್ನಿನ ಮರೆಯಲ್ಲಿ ಸಾಗಬೇಕು. ಹಾಗೆ ಸಾಗುವವನಿಗೆ ಮುಂದಿನ ಚಕ್ರ ಬಿಟ್ಟು ರಸ್ತೆ ಕಾಣುವುದಿಲ್ಲ. ಆದ್ದರಿಂದ ಗುಂಡಿ ಬಂದರೆ ಮೊದಲಿನವನು ಕೈ ಇಳಿಸಿ ತೋರಿಸುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ. ಎರಡನೆಯವನೂ ಹಾಗೇ ಮಾಡುತ್ತಾನೆ, ಮೂರನೆಯವನೂ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ಆ ಮೊದಲಿನವನು ಗುಲ್ವೆನ್ ಅಬೆರ್ವೆ. ಜೀವಮಾನವೆಲ್ಲ ಏಡಿ ಹಿಡಿದವನು, ಸ್ವಂತ ದೋಣಿಯ ತಾಂಡೇಲ, ಅಂದರೆ ನಾಯಕ. ಮದುವೆಯಾಗಲಿಲ್ಲ. ನಗುತ್ತಲೂ ಇರಲಿಲ್ಲ. ನಮ್ಮ ಕಡಲಲ್ಲಿ ನೀರಿನ ಮೇಲಿರುವ ಬಂಡೆಗಿಂತ ನೀರೊಳಗಿರುವುದೇ ಹೆಚ್ಚು. ಅಲ್ಲಿ ದೋಣಿ ನಡೆಸುವವರು ನೀರು ನೋಡುವುದಿಲ್ಲ, ದಡ ನೋಡುತ್ತಾರೆ. ಇಂಥ ಬಂಡೆ ಇಗರ್ಜಿಯ ಗೋಪುರಕ್ಕೆ ನೇರ ಬಂದಾಗ ಬಲಕ್ಕೆ ತಿರುಗು. ಇಂಥ ಮನೆಯ ಹೊಗೆಗೂಡು ಇಂಥ ಬಂಡೆಯ ಹಿಂದೆ ಮರೆಯಾದಾಗ ಎಡಕ್ಕೆ ತಿರುಗು. ತಾಂಡೇಲ ಹೇಳಿದ, ಆಳು ಚುಕ್ಕಾಣಿ ತಿರುಗಿಸಿದ, ಅಷ್ಟೇ. ಯಾಕೆ ಎಂದು ಕೇಳುತ್ತ ಕೂತವರು ಕಡಲ ತಳ ಸೇರಿದ್ದಾರೆ. ಗುಲ್ವೆನ್‌ನ ದೋಣಿಯಲ್ಲಿ ಆಳಾಗಿದ್ದವನು ಜೋಬ್ ಕೆರ್ಮಾರೆಕ್. ದೋಣಿ ಮಾರಿದ ಮೇಲೂ ಸೈಕಲ್ ಸಾಲಿನಲ್ಲಿ ಅವನದು ಎರಡನೆಯ ಜಾಗ.

ಗುಲ್ವೆನ್‌ನ ಕಣ್ಣು ಕೆಟ್ಟಿದ್ದು ಎಪ್ಪತ್ತು ದಾಟಿದ ಮೇಲೆ. ಕುರುಡಲ್ಲ. ಅಂಚಿನದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಎದುರಿಗಿರುವವನ ಮುಖ ಇರುವಲ್ಲಿ ಬೂದು ಕಲೆ. ಬ್ರೆಸ್ಟ್ ಪಟ್ಟಣಕ್ಕೆ ಒಬ್ಬನೇ ಬಸ್ಸಿನಲ್ಲಿ ಹೋಗಿ ಡಾಕ್ಟರನ್ನು ಕಂಡ. ವಾಸಿಯಾಗುವುದಿಲ್ಲ, ಸೈಕಲ್ ಮುಟ್ಟಬೇಡಿ ಎಂದು ಅವರು ಹೇಳಿದರು. ಮರಳಿ ಬಂದವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಾಲಿನ ಮುಂದಿನ ಜಾಗ ಹೋಗುತ್ತಿತ್ತು. ದೋಣಿ ಹೋದ ಮೇಲೆ ಅವನಿಗೆ ಉಳಿದದ್ದು ಆ ಜಾಗವೊಂದೇ. ಅದಕ್ಕಾಗಿ ಅವನು ಹಳೆಯ ವಿದ್ಯೆಯನ್ನು ರಸ್ತೆಗೆ ತಂದ. ಬಂಡೆಗಳು ಪಕ್ಕದಲ್ಲಿದ್ದವು, ಪಕ್ಕದ್ದು ಕಾಣುತ್ತಿತ್ತು. ಹೆಣ್ಣುಹಂದಿ ಮಲಗಿದಂತಿರುವ ಬಂಡೆ ಹೊಲದ ಗೇಟಿಗೆ ನೇರ ಬಂದಾಗ ಬಲಕ್ಕೊಂದು ದೊಡ್ಡ ಗುಂಡಿ: ಕೈ ಇಳಿಸು, ಎಡಕ್ಕೆ, ರಸ್ತೆಯ ನಡುವಿಗೆ ಸರಿ. ಒಂದು ವರ್ಷ ಯಾರಿಗೂ ಅನುಮಾನ ಬರಲಿಲ್ಲ.

ಮಾರ್ಚ್‌ನಲ್ಲಿ ರಸ್ತೆಯವರು ಬಂದು ಗುಂಡಿಗಳನ್ನೆಲ್ಲ ಮುಚ್ಚಿ ಡಾಂಬರು ಹಾಕಿ ಹೋದರು.

ಮುಂದಿನ ಭಾನುವಾರ ಹಂದಿಬಂಡೆಯ ಹತ್ತಿರ ಗುಲ್ವೆನ್ ಕೈ ಇಳಿಸಿದ, ಎಡಕ್ಕೆ ಸರಿದ. ಜೋಬ್ ಸರಿದ. ಮೂರನೆಯವನು ಕಸಾಯಿಯಂಗಡಿಯ ತಾಂಗಿ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿಗೆ ಬೀಗವಿಲ್ಲದವನು. ಅವನು ಸರಿದು ನೋಡಿದರೆ ಕೆಳಗೆ ಹೊಸ ಡಾಂಬರು, ಕನ್ನಡಿಯ ಹಾಗೆ.

"ತಾಂಡೇಲರೇ, ಯಾರ ಗೋರಿ ಅದು? ಸುತ್ತು ಹಾಕ್ಕೊಂಡು ಬಂದ್ರಲ್ಲಾ!" ಎಂದು ಕೂಗಿದ.

ಗಾಳಿಗೆ ಗುಲ್ವೆನ್‌ಗೆ ಕೇಳಿಸಲಿಲ್ಲ. ಜೋಬ್‌ಗೆ ಕೇಳಿಸಿತು. ಅವನು ತಿರುಗಿ ನೋಡಿದ ನೋಟಕ್ಕೆ ತಾಂಗಿ ಬಾಯಿ ಮುಚ್ಚಿದ.

ಸವಾರಿ ಮುಗಿದ ಮೇಲೆ ಎಲ್ಲರೂ ಬಂದರಿನ ಹೋಟೆಲಿನಲ್ಲಿ ಕೂತು ಕಾಫಿಗೆ ಸೇಬಿನ ಸಾರಾಯಿ ಬೆರೆಸಿ ಕುಡಿಯುವುದು ರೂಢಿ. ಗುಲ್ವೆನ್ ಸಾರಾಯಿ ಸುರಿಯುವಾಗ ಬೆರಳನ್ನು ಲೋಟದ ಅಂಚಿನೊಳಗೆ ಇಟ್ಟುಕೊಂಡಿದ್ದ. ಜೋಬ್ ಅದನ್ನು ನೋಡಿದ. ತಾಂಗಿಯ ತೋಳು ಹಿಡಿದು ಹೊರಗೆ, ಒಣಗಲು ಹಾಕಿದ ಬಲೆಗಳ ಹತ್ತಿರ ಕರೆದುಕೊಂಡು ಹೋದ.

"ನೋಡು ಮಗಾ, ಇನ್ನು ಮೇಲೆ ಆ ಮಾತು ಬೇಡ."

"ಅಲ್ಲ ಜೋಬ್ ಮಾಮ, ಅವರಿಗೆ ಕಣ್ಣು ಕಾಣ್ತಿಲ್ಲ! ಕಣ್ಣು ಕಾಣದವರ ಹಿಂದೆ ನಾವು ಐದು ಜನ ಕುರಿ ಹಾಗೆ ಹೋಗ್ತಾ ಇದ್ದೀವಿ."

"ಹೋಗೋಣ. ಎಲ್ಲಿ ಕೈ ತೋರಿಸ್ತಾರೋ ಅಲ್ಲಿ ಸರಿಯೋಣ."

"ಇಲ್ಲದ ಗುಂಡಿಗೆ?"

"ನಿನ್ನ ಗಂಟೇನು ಹೋಗತ್ತೆ? ಒಂದು ಮೊಳ ಆಕಡೆ ಸರಿದ್ರೆ ನಿನ್ನ ಹೊಟ್ಟೆ ಕರಗತ್ತೇನು?"

"ಹೇಳಿಬಿಡೋಣ ಮಾಮ. ಮರ್ಯಾದೆಯಿಂದಲೇ ಹೇಳೋಣ."

"ಸರಿ, ಒಳಗೇ ಕೂತಿದ್ದಾರೆ. ಹೋಗಿ ಹೇಳು. 'ತಾಂಡೇಲರೇ, ನೀವು ಕುರುಡರು, ಹಿಂದೆ ಬನ್ನಿ' ಅನ್ನು. ಹೋಗು."

ತಾಂಗಿ ಬಾಗಿಲ ಕಡೆ ನೋಡಿದ, ಹೋಗಲಿಲ್ಲ. ಸತ್ತ ಹಂದಿಯನ್ನು ನಿರ್ದಾಕ್ಷಿಣ್ಯವಾಗಿ ಸೀಳುವವನಿಗೆ ಆ ಒಂದು ಮಾತು ಆಡಲಾಗಲಿಲ್ಲ. ನಮ್ಮೂರಿನ ಗಂಡಸರು ಹಾಗೆಯೇ. ಬಿರುಗಾಳಿಯಲ್ಲಿ ಒಬ್ಬರಿಗೊಬ್ಬರು ಪ್ರಾಣ ಕೊಡುತ್ತಾರೆ, ಅಡುಗೆಮನೆಯಲ್ಲಿ ಎದುರು ಕೂತು ಒಂದು ನಿಜ ಹೇಳುವುದಿಲ್ಲ.

ಹಾಗೆ ವಸಂತ ಕಳೆಯಿತು. ಪ್ರತಿ ಭಾನುವಾರ ಕೈ ಇಳಿಯುತ್ತಿತ್ತು, ಸಾಲು ಎಡಕ್ಕೆ ಬಾಗುತ್ತಿತ್ತು, ಹೊಸ ಡಾಂಬರಿನ ಮೇಲೆ ಯಾವ ಚಕ್ರವೂ ಉರುಳುತ್ತಿರಲಿಲ್ಲ. ಗುಲ್ವೆನ್‌ಗೆ ಗೊತ್ತಾಗದೇ ಇದ್ದದ್ದೂ ಅದರಿಂದಲೇ. ಅವನು ಆ ಜಾಗಗಳನ್ನು ತಪ್ಪಿಸಿಕೊಂಡೇ ಹೋಗುತ್ತಿದ್ದ. ಒಂದು ಸಲ ಮೇಲೆ ಹಾಯ್ದಿದ್ದರೆ ಟಯರು ಹೇಳುತ್ತಿತ್ತು. ಊರಿಗೆಲ್ಲ ವಿಷಯ ಹರಡಿತು. ಜೋಬ್‌ನ ಹೆಂಡತಿ ಮಾರ್ಯಾನಿಕ್ ಗಂಡನಿಗೆ ಕರಿಹಿಟ್ಟಿನ ದೋಸೆ ಹುಯ್ಯುತ್ತ, "ಇವತ್ತು ಎಷ್ಟು ಗುಂಡಿ ಹಾರಿದ್ರಿ, ಹುಡುಗ್ರಾ?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಒಮ್ಮೆ ಮಾತ್ರ ಅವಳು ಸಟ್ಟುಗವನ್ನು ಕೆಳಗಿಟ್ಟು, "ಆ ತಿರುವಿನಲ್ಲಿ ಎದುರಿಗೆ ಏನಾದ್ರೂ ಬಂದ್ರೆ?" ಎಂದಳು.

"ಆ ರಸ್ತೆಗೆ ಯಾರು ಬರ್ತಾರೆ, ಹುಚ್ಚಿ?"

ಜೂನ್‌ನಲ್ಲಿ ಒಂದು ಬಿಳಿ ವ್ಯಾನು ಬಂತು. ಓಡಿಸುತ್ತಿದ್ದವನು ದೂರದೂರಿನ ಟೈಲ್ಸ್ ಕೆಲಸದವನು, ಹೆದ್ದಾರಿಗೆ ದಾರಿ ಹುಡುಕುತ್ತಿದ್ದ. ಜೋರಾಗಿಯೇನೂ ಬರುತ್ತಿರಲಿಲ್ಲ. ಹಂದಿಬಂಡೆ ತಿರುವನ್ನು ಪೂರಾ ಮರೆ ಮಾಡುತ್ತದೆ. ಗುಲ್ವೆನ್ ಕೈ ಇಳಿಸಿದ, ಎಡಕ್ಕೆ ಸರಿದ, ಮತ್ತೆ ಬಲಕ್ಕೆ ಬಂದ. ಅವನ ಹಿಂದೆ ಜೋಬ್ ಸರಿದ. ಅವನು ರಸ್ತೆಯ ನಡುವಿನಲ್ಲಿದ್ದಾಗ ವ್ಯಾನು ತಿರುವಿನಿಂದ ಹೊರಬಿತ್ತು. ತಾಂಗಿಗೆ ಅಂದು ಬೇಸರವಾಗಿ, ಮೊದಲ ಬಾರಿ ಸರಿಯದೆ ನೇರ ಬಂದಿದ್ದ. ಅದರಿಂದ ಉಳಿದ.

ಜೋಬ್ ಅಲ್ಲೇ ಸತ್ತ. ಆ್ಯಂಬುಲೆನ್ಸಿನವರಿಗೆ ಕೆಲಸವಿರಲಿಲ್ಲ.

ಪೊಲೀಸರು ಬಂದರು. ಅವರಲ್ಲಿ ಸಣ್ಣ ವಯಸ್ಸಿನವನೊಬ್ಬ ಸವಾರರನ್ನು ಹೊಲದ ಗೋಡೆಯ ಪಕ್ಕ ನಿಲ್ಲಿಸಿ ಕೇಳಿದ, "ರಸ್ತೆ ಮಧ್ಯಕ್ಕೆ ಯಾಕೆ ಹೋದ್ರು?"

ಗುಲ್ವೆನ್ ಮುಂದೆ ಬಂದ. "ನನ್ನಿಂದ. ಗುಂಡಿ ಇತ್ತು, ಕೈ ತೋರಿಸಿದೆ. ಅವನು ನನ್ನ ಹಿಂದೆ ಬಂದ."

"ಯಾವ ಗುಂಡಿ, ಅಜ್ಜ?"

"ಅದೇ, ಗೇಟಿನ ನೇರಕ್ಕೆ. ದೊಡ್ಡದು."

ಹುಡುಗ ಗೇಟಿನ ಕಡೆ ನೋಡಿದ, ರಸ್ತೆ ನೋಡಿದ, ಉಳಿದವರ ಮುಖ ನೋಡಿದ. ನಾಲ್ವರೂ ಕಡಲ ಕಡೆ ತಿರುಗಿದ್ದರು. "ಇಲ್ಲಿ ಗುಂಡಿ ಇಲ್ಲವಲ್ಲ," ಎಂದ.

ಗುಲ್ವೆನ್ ಬಂಡೆಯನ್ನೂ ಗೇಟನ್ನೂ ಓರೆಗಣ್ಣಿನಿಂದ ಅಳೆದುಕೊಂಡು ಆ ಜಾಗಕ್ಕೆ ನಡೆದ. ಮಂಡಿಯೂರಿ ಅಂಗೈ ಊರಿದ. ಮೆಲ್ಲನೆ ಸವರಿದ, ಇನ್ನೊಂದು ಕಡೆ ಸವರಿದ, ತೆವಳಿಕೊಂಡು ಮುಂದೆ ಹೋಗಿ ಸವರಿದ. ಕಡೆಗೆ ಅವನು ತಲೆಯೆತ್ತದೆ ಕೇಳಿದ, "ಯಾವಾಗ ಮುಚ್ಚಿದ್ರು?"

"ಮಾರ್ಚ್‌ನಲ್ಲಿ," ಎಂದ ತಾಂಗಿ.

"ಜೋಬ್‌ಗೆ ಗೊತ್ತಿತ್ತಾ?"

ತಾಂಗಿ ಅಳುತ್ತಿದ್ದ.

ಪೊಲೀಸರು ಅಪಘಾತವೆಂದು ಬರೆದುಕೊಂಡು ಹೋದರು. ವ್ಯಾನಿನವನ ಮೇಲೆ ಕೇಸಾಗಲಿಲ್ಲ, ಆಗಬೇಕಾದ್ದೂ ಅಲ್ಲ. ಮಣ್ಣು ಮಾಡುವ ದಿನ ಗುಲ್ವೆನ್ ಇಗರ್ಜಿಯ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ. ಆಮೇಲೆ ಮನೆಯ ಬಾಗಿಲು ಹಾಕಿಕೊಂಡ. ಮೂರನೆಯ ದಿನ ಮಾರ್ಯಾನಿಕ್ ಹೋಗಿ ಬಾಗಿಲು ಬಡಿದಳು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ಬಂದಿಲ್ಲ ನಾನು," ಎಂದಳು. "ಸಿಟ್ಟಿದೆ. ಸಾಯೋವರೆಗೂ ಇರತ್ತೆ."

"ಇರಲಿ."

"ಎಂಟನೇ ದಿನದ ಪೂಜೆ ಆದ ಮೇಲೆ ಎಲ್ಲರೂ ಇಗರ್ಜಿ ಅಂಗಳದಲ್ಲಿ ನಿಂತಿರ್ತಾರೆ. ಅಲ್ಲಿ ನಿಮ್ಮ ಬಾಯಿಂದ ಹೇಳಬೇಕು. ನನ್ನ ಗಂಡನಿಗೆ ಸೈಕಲ್ ಬಿಡೋಕೆ ಬರ್ತಿರಲಿಲ್ಲ, ವಯಸ್ಸಾಗಿತ್ತು, ಅಂತ ನಾಳೆ ಯಾರಾದರೂ ಅಂದ್ರೆ ನಾನು ಸಹಿಸಲ್ಲ."

ಅವನು ಬಂದ. ಕಪ್ಪು ಕೋಟು ಹಾಕಿಕೊಂಡು, ಒಬ್ಬನೇ ಗೋಡೆ ಹಿಡಿದುಕೊಂಡು ನಡೆದು ಬಂದ. ಪೂಜೆ ಮುಗಿದು ಊರು ಅಂಗಳಕ್ಕಿಳಿದಾಗ ಟೋಪಿ ತೆಗೆದ.

"ನನಗೆ ಕಣ್ಣು ಕಾಣಲ್ಲ," ಎಂದ. "ಒಂದು ವರ್ಷದ ಮೇಲಾಯ್ತು. ಮುಚ್ಚಿಟ್ಟೆ. ಜೋಬ್ ಸತ್ತದ್ದು ಅದರಿಂದ."

ಯಾರಿಗೂ ಆಶ್ಚರ್ಯವಾಗಲಿಲ್ಲ. ಆ ಮೌನ ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು, ಗುಲ್ವೆನ್," ಎಂದಳು ಬ್ರೆಡ್ಡಿನಂಗಡಿಯ ಮುದುಕಿ.

"ಎಲ್ಲರಿಗೂ?"

"ಎಲ್ಲರಿಗೂ."

"ಮತ್ತೆ ಒಬ್ಬರೂ ಯಾಕೆ ಹೇಳಲಿಲ್ಲ?" ಅವನ ಧ್ವನಿ ಮೊದಲ ಬಾರಿಗೆ ಏರಿತು. "ಐದು ಜನ ನನ್ನ ಹಿಂದೆ ಬರ್ತಿದ್ರಿ. ಒಬ್ಬರಾದರೂ ಯಾಕೆ ಹೇಳಲಿಲ್ಲ?"

ಉತ್ತರ ಕೊಟ್ಟವಳು ಮಾರ್ಯಾನಿಕ್.

"ಹೇಳಿದ್ರೆ ನೀವು ಕೇಳ್ತಿದ್ರಾ?"

ಗುಲ್ವೆನ್ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ; ಮುಚ್ಚಿಡುವವನು.

"ಇಲ್ಲ," ಎಂದ.

ಅವಳು ತಲೆಯಾಡಿಸಿ, ಶಾಲು ಸರಿಮಾಡಿಕೊಂಡು, ಅವನನ್ನು ದಾಟಿ ಮನೆಗೆ ಹೋದಳು. ಅವನು ಆಮೇಲೆ ನಾಲ್ಕು ವರ್ಷ ಬದುಕಿದ. ದುಃಖದಿಂದ ಸೊರಗಲಿಲ್ಲ, ಚೆನ್ನಾಗಿಯೇ ತಿನ್ನುತ್ತಿದ್ದ, ನಿದ್ದೆಯೂ ಬರುತ್ತಿತ್ತಂತೆ. ಮಾರ್ಯಾನಿಕ್ ಎದುರಾದಾಗ ನಮಸ್ಕಾರ ಹೇಳುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಮತ್ತೆ ನಡೆಯಲಿಲ್ಲ.